ಆಗಸ್ಟ್ 15ರ ಊರಾಚರಣೆಗೆ ಸರ್ಕಾರದ ಹಣ: ಯಾವ ಖರ್ಚಿಗೆ ಯಾವ ಬಾಗಿಲು?

(ಚರ್ಚಾತಾಣದ ಪ್ರಶ್ನೋತ್ತರ; ಕೆರೆಕೋಡಿ, ಜಮಾಖರ್ಚು ಮುಂತಾದವು ಬರೆಯುವವರ ಅಡ್ಡಹೆಸರು.)

ಕೆರೆಕೋಡಿ (ಪ್ರಶ್ನೆ):

ಗ್ರಾಮ ಪಂಚಾಯಿತಿ ಕೇಂದ್ರ ಇರುವ ಊರು. ಯುವಕ ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿ ಐದು ವರ್ಷವಾಗಿದೆ, ಲೆಕ್ಕಪರಿಶೋಧನೆ ಪ್ರತಿವರ್ಷ ಆಗಿದೆ. ಈ ಸಲದ ಸ್ವಾತಂತ್ರ್ಯ ದಿನವನ್ನು ಪಂಚಾಯಿತಿ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ (180 ಮಕ್ಕಳು), ಸಂಘ ಮೂರೂ ಸೇರಿ ಶಾಲೆ ಮೈದಾನದಲ್ಲೇ ಮಾಡುವ ಯೋಚನೆ. 500 ಜನ ಸೇರಬಹುದು. ಬೆಳಿಗ್ಗೆ ಪ್ರಭಾತಫೇರಿ, ಧ್ವಜಾರೋಹಣ, ಕವಾಯತು, ಸಿಹಿ. ಸಂಜೆ ಡೊಳ್ಳು, ಕೋಲಾಟ, ಗೀತಗಾಯನ. ಹಳೆಯ ಧ್ವಜಕಟ್ಟೆ ಬಿರುಕು ಬಿಟ್ಟಿದೆ, ಅದೂ ಹೊಸದಾಗಬೇಕು.

ಒಟ್ಟು ಅಂದಾಜು ಎರಡು ಲಕ್ಷ, ಕಟ್ಟೆ ಬೇರೆ. ‘ರಾಷ್ಟ್ರೀಯ ಹಬ್ಬಕ್ಕೆ ಸರ್ಕಾರ ಕೊಡುತ್ತದೆ’ ಅಂತ ಎಲ್ಲರೂ ಹೇಳುತ್ತಾರೆ, ಎಲ್ಲಿ ಕೇಳಬೇಕು ಅಂತ ಯಾರೂ ಹೇಳುವುದಿಲ್ಲ. ಒಂದೇ ಅರ್ಜಿಯಲ್ಲಿ ಆಗುತ್ತದೆಯೇ? ಮೊದಲು ಖರ್ಚು ಮಾಡಿ ಆಮೇಲೆ ಬಿಲ್ ಕೊಟ್ಟರೆ ನಡೆಯುತ್ತದೆಯೇ?

ಜಮಾಖರ್ಚು:

ಎರಡನೆಯದಕ್ಕೆ ಮೊದಲು ಉತ್ತರ: ನಡೆಯುವುದಿಲ್ಲ. ಘಟನೋತ್ತರ ಅನುಮೋದನೆ (ಖರ್ಚಾದ ಮೇಲೆ ಪಡೆಯುವ ಒಪ್ಪಿಗೆ) ಅನ್ನುವ ಪದ ಕಡತಗಳಲ್ಲಿ ಇದೆ ನಿಜ, ಆದರೆ ಅದು ತುರ್ತು ಕೆಲಸಕ್ಕೆ ಇರುವ ದಾರಿ. ಆಗಸ್ಟ್ 15 ಪ್ರತಿವರ್ಷ ಆಗಸ್ಟ್ 15ರಂದೇ ಬರುತ್ತದೆ. ‘ತುರ್ತು’ ಅಂತ ಬರೆದರೆ ಲೆಕ್ಕಪರಿಶೋಧಕ ನಗುತ್ತಾನೆ, ಆಮೇಲೆ ಆಕ್ಷೇಪಣೆ ಬರೆಯುತ್ತಾನೆ.

ಒಂದೇ ಅರ್ಜಿಯಲ್ಲೂ ಆಗುವುದಿಲ್ಲ. ತಾಲ್ಲೂಕು ಮಟ್ಟದಲ್ಲಿ ತಹಸೀಲ್ದಾರರು ನಡೆಸುವ ರಾಷ್ಟ್ರೀಯ ಹಬ್ಬಗಳ ಆಚರಣಾ ಸಮಿತಿ ಇರುತ್ತದೆ, ಆದರೆ ಅದರ ಹಣ ತಾಲ್ಲೂಕು ಕೇಂದ್ರದ ಸಮಾರಂಭಕ್ಕೆ. ಹಳ್ಳಿಯ ಆಚರಣೆಗೆ ಅಂತಲೇ ಒಂದು ಗಂಟು ಎಲ್ಲೂ ಇಟ್ಟಿಲ್ಲ. ಆದ್ದರಿಂದ ಕಾರ್ಯಕ್ರಮವನ್ನೇ ಬಿಡಿಸಿ ನೋಡಬೇಕು: ಧ್ವಜಾರೋಹಣ ಪಂಚಾಯಿತಿಯದು, ಮಕ್ಕಳ ಭಾಗ ಶಾಲೆಯದು, ಸಂಜೆಯ ಕಲೆ ಸಂಘದ್ದು, ಕಟ್ಟೆ ಒಂದು ಕಾಮಗಾರಿ. ನಾಲ್ಕಕ್ಕೂ ಬಾಗಿಲು ಬೇರೆ.

ಪಂಚಾಯಿತಿ ಭಾಗ. ಇಲ್ಲಿ ಕೈಹಾಕಬೇಕಾದ್ದು ಸ್ವಂತ ಸಂಪನ್ಮೂಲಕ್ಕೆ, ಅಂದರೆ ಮನೆ ಕಂದಾಯ, ಮಳಿಗೆ ಬಾಡಿಗೆ, ಶುಲ್ಕಗಳಿಂದ ಬಂದ ಹಣಕ್ಕೆ. ಹಣಕಾಸು ಆಯೋಗದ ಅನುದಾನಕ್ಕೆ ಕೈಹಾಕಬೇಡಿ. 15ನೇ ಹಣಕಾಸು ಆಯೋಗದ ಅವಧಿಯಲ್ಲಿ (2021–26) ಅದರ ಶೇ. 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದು. ಉಳಿದ ಶೇ. 40 ‘ನಿರ್ಬಂಧವಿಲ್ಲದ್ದು’ ಅಂತ ಹೆಸರಾದರೂ, ಅಭಿವೃದ್ಧಿ ಯೋಜನೆಯಲ್ಲಿ ಸೇರಿದ ಕೆಲಸಕ್ಕೆ ಮಾತ್ರ. ಶಾಮಿಯಾನದ ಬಾಡಿಗೆಯನ್ನು ಅದರಲ್ಲಿ ತೋರಿಸಿದರೆ ವಸೂಲಾತಿ ಖಚಿತ.

ಸ್ವಂತ ಸಂಪನ್ಮೂಲದಲ್ಲೂ ಆಯವ್ಯಯದಲ್ಲಿ ‘ರಾಷ್ಟ್ರೀಯ ಹಬ್ಬಗಳು’ ಅಂತ ಒಂದು ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಈ ವರ್ಷ ಸಾಮಾನ್ಯ ಸಭೆಯಲ್ಲಿ ಮರುಹಂಚಿಕೆಯ ನಿರ್ಣಯ ಮಾಡಿಸಿ, ಮುಂದಿನ ಆಯವ್ಯಯದಲ್ಲಿ ಸಾಲು ಸೇರಿಸಿ. ನಿರ್ಣಯದಲ್ಲಿ ‘ಸ್ವಾತಂತ್ರ್ಯ ದಿನ ಆಚರಿಸಲು ತೀರ್ಮಾನಿಸಲಾಯಿತು’ ಅಂತಷ್ಟೇ ಬರೆದರೆ ಸಾಲದು. ಯಾವ ಬಾಬ್ತಿಗೆ ಎಷ್ಟು ಮಿತಿ, ಯಾವ ನಿಧಿಯಿಂದ, ಯಾರಿಗೆ ಖರೀದಿ ಅಧಿಕಾರ, ಇವು ಮೂರೂ ಬರಬೇಕು.

ಪಂಚಾಯಿತಿ ಹಣವನ್ನು ಸಂಘದ ಖಾತೆಗೆ ಹಾಕಿಸಿಕೊಳ್ಳಬೇಡಿ. ಪಂಚಾಯಿತಿಯೇ ಅಂಗಡಿಯವನಿಗೆ ನೇರ ಪಾವತಿಸಲಿ. ಸಂಘಕ್ಕೆ ಬಂದರೆ ಅದು ಸಹಾಯಧನವಾಗುತ್ತದೆ, ಹಣಬಳಕೆ ಪ್ರಮಾಣಪತ್ರ ಕೊಡುವ ಹೊಣೆ ನಿಮ್ಮ ತಲೆಗೆ. ಅಂಗಡಿಯವನಿಗೆ ಹೋದರೆ ಒಂದು ಬಿಲ್, ಒಂದು ವೋಚರ್, ಮುಗಿಯಿತು.

ಕಾಗದಗಳ ಕ್ರಮ: ನಿರ್ಣಯ, ಅಂದಾಜುಪಟ್ಟಿ, ಮೂರು ದರಪಟ್ಟಿ, ತುಲನಾತ್ಮಕ ಪಟ್ಟಿ, ಸರಬರಾಜು ಆದೇಶ, ಕಾರ್ಯಕ್ರಮ, ಬಿಲ್, ಸರಕು ಬಂದ ದೃಢೀಕರಣ, ಪಾವತಿ. ತಾರೀಖುಗಳು ಇದೇ ಸಾಲಿನಲ್ಲಿ ಇಳಿಯಬೇಕು. ಹೆಚ್ಚಿನ ಆಕ್ಷೇಪಣೆ ಹಣ ತಿಂದದ್ದಕ್ಕೆ ಬರುವುದಿಲ್ಲ, ಬಿಲ್ 15ನೇ ತಾರೀಖಿನದು, ಸರಬರಾಜು ಆದೇಶ 22ನೇ ತಾರೀಖಿನದು ಅನ್ನುವುದಕ್ಕೆ ಬರುತ್ತದೆ.

ಇನ್ನು ಮೂರು ಎಡವಟ್ಟು. ಮೂರೂ ದರಪಟ್ಟಿ ಒಂದೇ ಕೈಬರಹದಲ್ಲಿರುವುದು. ಒಂದೇ ಅಂಗಡಿಯ ದೊಡ್ಡ ಖರೀದಿಯನ್ನು ಕುರ್ಚಿಗೊಂದು, ಪೆಂಡಾಲಿಗೊಂದು, ಮೈಕಿಗೊಂದು ಬಿಲ್ ಮಾಡಿ ಟೆಂಡರ್ ಮಿತಿಯೊಳಗೆ ತೂರಿಸುವುದು. ತುಂಡು ಗುತ್ತಿಗೆ ಅಂತ ಇದಕ್ಕೇ ಹೇಳುವುದು. ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ: ಪಂಚಾಯಿತಿ ಸದಸ್ಯರದೇ ಶಾಮಿಯಾನ ಅಂಗಡಿಯಿಂದ ತರುವುದು. ಪಂಚಾಯಿತಿ ಗುತ್ತಿಗೆಯಲ್ಲಿ ಹಿತಾಸಕ್ತಿ ಅಂತಾದರೆ ಅವರ ಸದಸ್ಯತ್ವಕ್ಕೇ ಕುತ್ತು. ಹತ್ತು ರೂಪಾಯಿ ಕಡಿಮೆಗೆ ಕೊಟ್ಟರೂ ಬೇಡ.

ಕಪ್ಪುಹಲಗೆ:

ಶಾಲೆ ಭಾಗ ಚಿಕ್ಕದು. 101ರಿಂದ 250 ಮಕ್ಕಳಿರುವ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯ ಸಂಯುಕ್ತ ಶಾಲಾ ಅನುದಾನ ವರ್ಷಕ್ಕೆ 50,000 ರೂ. ವರೆಗೆ. ಅದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ. ದುರಸ್ತಿ, ಬೋಧನ ಸಾಮಗ್ರಿ, ನೀರು, ವಿದ್ಯುತ್ತು ಇದಕ್ಕೆಲ್ಲ ಅದೇ ಆಧಾರ. ಲಾಡು, ಬಹುಮಾನದ ಸ್ಟೀಲ್ ತಟ್ಟೆ ಅದರಲ್ಲಿ ಬರೆಯಬಾರದು. ಮುಖ್ಯಶಿಕ್ಷಕರನ್ನು ಅದಕ್ಕೆ ಒತ್ತಾಯಿಸುವುದು ಅವರ ನಿವೃತ್ತಿಯ ಲೆಕ್ಕಕ್ಕೆ ಕಲ್ಲು ಹಾಕಿದಂತೆ.

ಸಿಹಿಗೆ ನೇರ ದಾರಿ ಇದೆ: ಪಿಎಂ ಪೋಷಣ್ (ಶಾಲೆಯ ಬಿಸಿಯೂಟ) ಯೋಜನೆಯ ತಿಥಿ ಭೋಜನ. ಊರವರು ವಿಶೇಷ ದಿನಗಳಲ್ಲಿ ಮಕ್ಕಳಿಗೆ ಊಟ, ಸಿಹಿ ಸ್ವಇಚ್ಛೆಯಿಂದ ಕೊಡಲು ಅವಕಾಶ ಅದರಲ್ಲಿದೆ. ಸರ್ಕಾರದಿಂದ ನಗದು ಬರುವುದಿಲ್ಲ, ಆದರೆ ಅಡುಗೆಮನೆ, ಅಡುಗೆಯವರು, ಪಾತ್ರೆ ಸಿಗುತ್ತದೆ. ದಾನಿ ಸಾಮಾನನ್ನೇ ಕೊಡಲಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ವಹಿಯಲ್ಲಿ ‘ಕಡಲೆಹಿಟ್ಟು ಇಷ್ಟು ಕಿಲೋ’ ಅಂತ ದಾಖಲಾಗಲಿ. ಬಡಿಸುವ ಮುಂಚೆ ದೊಡ್ಡವರೊಬ್ಬರು ರುಚಿ ನೋಡುವ ಎಂದಿನ ಕ್ರಮ ಆ ದಿನವೂ ತಪ್ಪಬಾರದು. ಹಬ್ಬದ ಗಡಿಬಿಡಿಯಲ್ಲೇ ಅದು ತಪ್ಪುವುದು.

ಲೆಕ್ಕಕ್ಕೆ: 40 ಗ್ರಾಂ ಲಾಡು 500 ಜನಕ್ಕೆ ತಲಾ ಒಂದು ಅಂದರೆ 20 ಕಿಲೋ, ಒಡೆದದ್ದು ಬಿದ್ದದ್ದಕ್ಕೆ ಇನ್ನೊಂದು ಕಿಲೋ. ನೀರು ತಲಾ ಅರ್ಧ ಲೀಟರ್ ಹಿಡಿದರೆ 250 ಲೀಟರ್, 20 ಲೀಟರಿನ ಕ್ಯಾನು 13. ಕವಾಯತು ಮಾಡುವ ಮಕ್ಕಳು ಹೆಚ್ಚು ಕುಡಿಯುತ್ತಾರೆ, 16 ತರಿಸಿ. ಬೆಳಿಗ್ಗೆ ಏನೂ ತಿನ್ನದೆ ಸಾಲಿನಲ್ಲಿ ನಿಂತ ಮಕ್ಕಳು ಭಾಷಣ ಉದ್ದವಾದಾಗ ತಲೆಸುತ್ತಿ ಬೀಳುತ್ತಾರೆ. ಅಂದಾಜುಪಟ್ಟಿಯಲ್ಲಿ ಓಆರ್‌ಎಸ್ ಪೊಟ್ಟಣ, ಬಾಳೆಹಣ್ಣು ಎರಡೂ ಇರಲಿ.

ರಂಗಸಜ್ಜಿಕೆ:

ಸಂಜೆಯ ಡೊಳ್ಳು, ಕೋಲಾಟದ ವಿಷಯ. ಇದು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಬಾಗಿಲು. ಎರಡು ಬಗೆ ಇದೆ. ಸಂಘಕ್ಕೆ ಧನಸಹಾಯ ಒಂದು, ಅದಕ್ಕೆ ಅರ್ಜಿ ರಾಜ್ಯ ಸರ್ಕಾರದ ಸೇವಾಸಿಂಧು ಜಾಲತಾಣದ ಮೂಲಕ, ಇಲಾಖೆ ಕರೆದಾಗ ಮಾತ್ರ. ಇನ್ನೊಂದು, ಕಲಾತಂಡದ ಪ್ರಾಯೋಜನೆ: ತಂಡದ ಸಂಭಾವನೆಯನ್ನು ಇಲಾಖೆಯೇ ಕಲಾವಿದರ ಖಾತೆಗೆ ಹಾಕುವುದು. ನಿಮ್ಮ ಗಾತ್ರದ ಕಾರ್ಯಕ್ರಮಕ್ಕೆ ಎರಡನೆಯದೇ ಒಳ್ಳೆಯದು. ನಿಮ್ಮ ಕೈಗೆ ದುಡ್ಡು ಬರುವುದಿಲ್ಲ, ಹಾಗಾಗಿ ಲೆಕ್ಕವೂ ಬರುವುದಿಲ್ಲ. ಜಿಲ್ಲೆಯ ಸಹಾಯಕ ನಿರ್ದೇಶಕರ ಕಚೇರಿಗೆ ತಂಡದ ಹೆಸರು, ಕಲಾವಿದರ ಸಂಖ್ಯೆ, ಆಧಾರ್, ಬ್ಯಾಂಕ್ ಪುಸ್ತಕದ ಪ್ರತಿ ಜೊತೆ ಮನವಿ ಕೊಡಿ. ಆಗಸ್ಟ್ 15ರಂದು ಎಲ್ಲ ತಾಲ್ಲೂಕಿಗೂ ತಂಡ ಬೇಕು. ಜುಲೈ ಕೊನೆಗೆ ಹೋದರೆ ಒಳ್ಳೆಯ ತಂಡಗಳು ಮುಗಿದಿರುತ್ತವೆ.

ಅರ್ಜಿಯಲ್ಲಿ ‘ಸ್ವಾತಂತ್ರ್ಯ ದಿನಾಚರಣೆಗೆ ಸಹಾಯ’ ಅಂತ ಶೀರ್ಷಿಕೆ ಕೊಟ್ಟರೆ ಕಡತ ಅಲ್ಲೇ ಕೂರುತ್ತದೆ, ಏಕೆಂದರೆ ಆಚರಣೆ ಆ ಇಲಾಖೆಯ ಕೆಲಸವಲ್ಲ, ಕಲೆ ಅದರ ಕೆಲಸ. ‘ಜನಪದ ಕಲಾಪ್ರದರ್ಶನ, ಸ್ವಾತಂತ್ರ್ಯ ದಿನದ ಸಂದರ್ಭ’ ಅಂತ ಬರೆಯಿರಿ. ಧ್ವಜ, ಸಿಹಿ, ಬಹುಮಾನ ಯಾವುದನ್ನೂ ಆ ಅಂದಾಜಿನಲ್ಲಿ ಸೇರಿಸಬೇಡಿ.

ಕೇಂದ್ರ ಸಂಸ್ಕೃತಿ ಸಚಿವಾಲಯದ ಸಾಂಸ್ಕೃತಿಕ ಸಮಾರಂಭ ಮತ್ತು ನಿರ್ಮಾಣ ಅನುದಾನ ಯೋಜನೆಯ ಹೆಸರನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ, ಆದ್ದರಿಂದ ಅದರ ಗಣಿತ ಈಗಲೇ ನೋಡಿ. ಸಾಮಾನ್ಯ ಮಿತಿ 5 ಲಕ್ಷ, ಆದರೆ ಒಟ್ಟು ಖರ್ಚಿನ ಶೇ. 75 ಮೀರುವಂತಿಲ್ಲ, ಅದೂ ಎರಡು ಕಂತು, ಮೊದಲು ಅನುದಾನದ ಶೇ. 75, ಲೆಕ್ಕ ಕೊಟ್ಟ ಮೇಲೆ ಶೇ. 25. ಎರಡು ಲಕ್ಷದ ಕಾರ್ಯಕ್ರಮ ಅಂದರೆ ಅನುದಾನ ಹೆಚ್ಚೆಂದರೆ 1,50,000. ಕೈಗೆ ಮೊದಲು ಬರುವುದು 1,12,500. ಆ ದಿನ ನಿಮ್ಮ ಕಡೆಯಿಂದ 87,500 ಸಿದ್ಧವಿರಬೇಕು, ಅದರಲ್ಲಿ 37,500 ತಿಂಗಳುಗಟ್ಟಲೆ ಆದಮೇಲೆ ಬರಬಹುದು. ಇನ್ನೊಂದು ಮೊನಚು: ಮಳೆ ಬಂದು ಖರ್ಚು 1,60,000ಕ್ಕೇ ನಿಂತರೆ ಅನುದಾನವೂ 1,20,000ಕ್ಕೆ ಇಳಿಯುತ್ತದೆ, ಎರಡನೇ ಕಂತು 7,500 ಮಾತ್ರ. ಅಂದಾಜನ್ನು ಉಬ್ಬಿಸಿ ಬರೆಯುವವರಿಗೆ ಇದು ತಿರುಗುಬಾಣ.

ಅದಕ್ಕೆ ನೋಂದಣಿಯಾಗಿ ಮೂರು ವರ್ಷ ಆಗಿರಬೇಕು, ಎನ್‌ಜಿಒ ದರ್ಪಣದ (ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ಸರ್ಕಾರಿ ಜಾಲತಾಣ) ಗುರುತುಸಂಖ್ಯೆ ಬೇಕು. ಶಾಲೆ, ಪುರಸಭೆಗಳಿಗೆ ಅದು ಸಿಗದು, ಸಂಘವೇ ಅರ್ಜಿದಾರ ಆಗಬೇಕು. ಆಯ್ಕೆ ಸಮಿತಿಯ ಮುಂದೆ ಹೋಗಿ ಬರುವ ಕಡತ ಅದು, ಜೂನ್‌ನಲ್ಲಿ ಹಾಕಿ ಆಗಸ್ಟ್‌ಗೆ ನಿರೀಕ್ಷಿಸಬೇಡಿ. ಬಂದರೆ ಪ್ರತ್ಯೇಕ ಉಳಿತಾಯ ಖಾತೆಯಲ್ಲೇ ಇಡಿ: ಅನುದಾನಕ್ಕೆ ಬ್ಯಾಂಕ್ ಕೊಟ್ಟ ಬಡ್ಡಿ ನಿಮ್ಮದಲ್ಲ, ಸರ್ಕಾರಕ್ಕೆ ಮರಳಿಸಬೇಕಾದದ್ದು. ಸಂಘದ ಹಣದ ಜೊತೆ ಕಲಸಿದರೆ ಯಾವ ಬಡ್ಡಿ ಯಾರದ್ದು ಅಂತ ಬಿಡಿಸಲು ಆಗುವುದಿಲ್ಲ. ಹಣಬಳಕೆ ಪ್ರಮಾಣಪತ್ರ 2017ರ ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆಯಲ್ಲಿ. ಸನ್ನದು ಲೆಕ್ಕಪರಿಶೋಧಕರ ಸಹಿ, ಕಾರ್ಯಕ್ರಮದ ಫೋಟೊ, ಆಹ್ವಾನಪತ್ರಿಕೆ ಲಗತ್ತಿಸಿ. ಆಹ್ವಾನಪತ್ರಿಕೆಯಲ್ಲಿ ನೆರವು ಕೊಟ್ಟವರ ಹೆಸರು ಅಚ್ಚಾಗದೆ ಕಂತು ನಿಲ್ಲುವುದುಂಟು.

ಕೆರೆಕೋಡಿ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಮೂರು ಉಪಪ್ರಶ್ನೆ. ಪೆಂಡಾಲಿನವರು ‘ಬೆಳಿಗ್ಗೆ ಸಂಜೆ ಸೇರಿ ಒಂದೇ ಬಿಲ್ ಕೊಡುತ್ತೇನೆ’ ಅನ್ನುತ್ತಾರೆ, ಅರ್ಧ ಪಂಚಾಯಿತಿಗೆ ಅರ್ಧ ಸಂಘಕ್ಕೆ ಹೇಗೆ ತೋರಿಸುವುದು? ನಮ್ಮ ಪಾಲಿನ ಹಣಕ್ಕೆ ಅಮೆರಿಕದಲ್ಲಿರುವ ಊರಿನವರು ಕೊಡಲು ಸಿದ್ಧರಿದ್ದಾರೆ, ತಗೊಳ್ಳಬಹುದೇ? ಧ್ವಜಕಟ್ಟೆ ವಿಷಯ ಯಾರೂ ಹೇಳಲಿಲ್ಲ.

ಜಮಾಖರ್ಚು:

ಒಂದೇ ಬಿಲ್ ಬೇಡ. ಒಂದು ಬಿಲ್ಲಿನ ನಕಲು ಎರಡು ಕಡತದಲ್ಲಿ ಸಿಕ್ಕರೆ ಅದು ಎರಡು ಸಲ ಹಣ ಎತ್ತಿದ್ದು ಅಂತಲೇ ಲೆಕ್ಕ. ಬೆಳಗಿನದಕ್ಕೆ ಪಂಚಾಯಿತಿ ಹೆಸರಿನಲ್ಲಿ, ಸಂಜೆಯದಕ್ಕೆ ಸಂಘದ ಹೆಸರಿನಲ್ಲಿ ಎರಡು ಆದೇಶ, ಎರಡು ಬಿಲ್. ಇದು ತುಂಡು ಗುತ್ತಿಗೆ ಆಗುವುದಿಲ್ಲ, ಏಕೆಂದರೆ ಕೊಳ್ಳುವವರೇ ಇಬ್ಬರು. ಪಾವತಿಯಾದ ಮೂಲ ಬಿಲ್ಲಿನ ಮೇಲೆ ‘ಇಂಥ ನಿಧಿಗೆ ಖರ್ಚು ಹಾಕಲಾಗಿದೆ’ ಅಂತ ಮೊಹರು ಹೊಡೆಯಿರಿ.

ಒಂದೇ ಬಿಲ್ 30,000 ರೂ. ದಾಟಿದರೆ, ಅಥವಾ ಒಬ್ಬನಿಗೇ ವರ್ಷದಲ್ಲಿ ಒಟ್ಟು ಒಂದು ಲಕ್ಷ ದಾಟಿದರೆ, ಗುತ್ತಿಗೆ ಪಾವತಿಯಲ್ಲಿ ಮೂಲದಲ್ಲೇ ತೆರಿಗೆ ಕಡಿತ: ವ್ಯಕ್ತಿಗೆ ಶೇ. 1, ಕಂಪನಿ, ಪಾಲುದಾರಿಕೆಗೆ ಶೇ. 2, ಪ್ಯಾನ್ ಕೊಡದವನಿಗೆ ಶೇ. 20. 32,000ದ ಪೆಂಡಾಲ್ ಬಿಲ್ಲಿಗೆ 320 ರೂ. ಹಿಡಿದು ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು. ನೋಂದಾಯಿತ ಸಂಘಕ್ಕೂ ಇದು ಅನ್ವಯ, ಅದಕ್ಕೆ ಟ್ಯಾನ್ (ತೆರಿಗೆ ಕಡಿತ ಮಾಡುವವರ ಖಾತೆಸಂಖ್ಯೆ) ಬೇಕು. 320 ರೂಪಾಯಿಯ ಕೆಲಸಕ್ಕೆ ಟ್ಯಾನ್ ಯಾಕೆ ಅಂತ ಬಿಟ್ಟವರೇ ಹೆಚ್ಚು. ಲೆಕ್ಕಪರಿಶೋಧನೆಯಲ್ಲಿ ಮೊದಲು ಕಣ್ಣಿಗೆ ಬೀಳುವುದೂ ಅದೇ.

ಜಿಎಸ್‌ಟಿ ನೋಂದಣಿ ಇಲ್ಲದ ಅಂಗಡಿಯವನು ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸುವಂತಿಲ್ಲ. ರಾಷ್ಟ್ರಧ್ವಜಕ್ಕಂತೂ ಖಾದಿಯಾಗಲಿ ಪಾಲಿಯೆಸ್ಟರಾಗಲಿ ತೆರಿಗೆಯೇ ಇಲ್ಲ. ಧ್ವಜದ ಬಿಲ್ಲಿನಲ್ಲಿ ತೆರಿಗೆ ಕಂಡರೆ ಅಲ್ಲೇ ತಿದ್ದಿಸಿ.

ಅಮೆರಿಕದ ಹಣ: ಊರು ಯಾವುದು ಅನ್ನುವುದಲ್ಲ, ಪಾಸ್‌ಪೋರ್ಟ್ ಯಾವುದು ಅನ್ನುವುದು ಮುಖ್ಯ. ಭಾರತದ ಪೌರರಾಗಿಯೇ ಉಳಿದವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ಪಡೆದವರು, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡಿನವರೂ ಸೇರಿ, ವಿದೇಶಿ ಮೂಲವೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಂಘ ಅವರಿಂದ ಒಂದು ಡಾಲರೂ ತಗೊಳ್ಳುವಂತಿಲ್ಲ. ದಾನಿಯಿಂದ ಭಾರತೀಯ ಪಾಸ್‌ಪೋರ್ಟಿನ ಪ್ರತಿ ತಗೊಂಡು ರಸೀದಿ ಪುಸ್ತಕದ ಜೊತೆ ಇಡಿ.

ರಂಗಸಜ್ಜಿಕೆ:

ಮೈಕಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಪೊಲೀಸ್ ಅನುಮತಿ ಲಿಖಿತವಾಗಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ. ಪ್ರಭಾತಫೇರಿ 5.30ಕ್ಕೆ ಹೊರಟರೆ ಬಾಯಲ್ಲೇ ಹಾಡಬೇಕು. ಹಾಡುಗಳ ಹಕ್ಕುಸ್ವಾಮ್ಯ: ಸ್ಥಳೀಯ ಸಂಸ್ಥೆ ನಡೆಸುವ ಅಧಿಕೃತ ಸಮಾರಂಭಕ್ಕೆ 1957ರ ಕಾಯ್ದೆಯಲ್ಲೇ ವಿನಾಯಿತಿ ಇದೆ. ಹವ್ಯಾಸಿ ಸಂಘದವರು ಟಿಕೆಟ್ಟಿಲ್ಲದೆ ಹಾಡುವುದಕ್ಕೂ ಇದೆ. ಸಂಜೆಗೆ ದುಡ್ಡು ಕೊಟ್ಟು ಆರ್ಕೆಸ್ಟ್ರಾ ಕರೆಸಿದರೆ ಹವ್ಯಾಸಿ ಅನ್ನುವ ಮಾತು ಉಳಿಯುವುದಿಲ್ಲ, ಆಗ ಪರವಾನಗಿ ಶುಲ್ಕ ಅಂದಾಜಿನಲ್ಲಿ ಬರಬೇಕು.

ಕಂಬರಾಟೆ:

ಧ್ವಜಕಟ್ಟೆ. ಇದನ್ನು ಆಚರಣೆ ಖರ್ಚಿನಿಂದ ಪೂರ್ತಿ ಹೊರಗಿಡಿ, ಇದು ಸ್ಥಿರ ಆಸ್ತಿ. ಸಂಸದರ ನಿಧಿ (ವರ್ಷಕ್ಕೆ 5 ಕೋಟಿ), ಶಾಸಕರ ನಿಧಿ (2 ಕೋಟಿ) ಎರಡೂ ಬಾಳಿಕೆ ಬರುವ ಸಾರ್ವಜನಿಕ ಆಸ್ತಿಗೆ ಮೀಸಲು. ಆಚರಣೆಗೆ ಅದರಿಂದ ಒಂದು ಪೈಸೆ ಬರದು, ಬಯಲು ರಂಗಮಂದಿರದ ಜೊತೆ ಧ್ವಜಕಟ್ಟೆ ಅಂತ ಕೇಳಿದರೆ ಬರಬಹುದು. ಜಾಗ ಶಾಲೆಯದೋ ಪಂಚಾಯಿತಿಯದೋ ಅನ್ನುವ ದಾಖಲೆ ಮೊದಲು ಸರಿಮಾಡಿಕೊಳ್ಳಿ, ಖಾಸಗಿ ಜಾಗದಲ್ಲಾದರೆ ಅಲ್ಲಿಗೆ ಮುಗಿಯಿತು. ಬರೀ ಕಟ್ಟೆಯೊಂದಕ್ಕಾದರೆ ಪಂಚಾಯಿತಿ ಸ್ವಂತ ನಿಧಿಯೇ ಬೇಗ.

ಜಾಗ ಆರಿಸುವಾಗ ಮೇಲೆ ನೋಡಿ. ಕಂಬ ಯಾವ ದಿಕ್ಕಿಗೆ ಬಿದ್ದರೂ ತುದಿ ವಿದ್ಯುತ್ ತಂತಿಯಿಂದ ಕನಿಷ್ಠ ಮೂರು ಮೀಟರ್ ದೂರ ಉಳಿಯಬೇಕು. ಕಬ್ಬಿಣದ ಕಂಬ ಎತ್ತುವಾಗ, ಇಳಿಸುವಾಗ ತಂತಿಗೆ ತಗುಲಿಯೇ ಸಾವು ಸಂಭವಿಸುವುದು.

6 ಮೀಟರ್ ಕಂಬ ಈ ಮೈದಾನಕ್ಕೆ ಸಾಕು. ಕೆಳಭಾಗ 65 ಮಿ.ಮೀ., ಮೇಲ್ಭಾಗ 50 ಮಿ.ಮೀ. ಜಿಐ (ಸತು ಲೇಪಿಸಿದ ಕಬ್ಬಿಣ) ಕೊಳವೆ, 60×60 ಸೆಂ.ಮೀ. ಅಗಲ 90 ಸೆಂ.ಮೀ. ಆಳದ ಕಾಂಕ್ರೀಟ್ ಗುಂಡಿ. ಕಂಬವನ್ನು ನೇರ ಕಾಂಕ್ರೀಟಿಗೆ ಹೂಳಬೇಡಿ. ಬುಡದಲ್ಲಿ ಬೋಲ್ಟ್ ಹಾಕಿದ, ಮಡಚುವ ತಟ್ಟೆ ಇರಲಿ. ರಾಟೆಗೆ ಎಣ್ಣೆ ಹಾಕಲು ಕಂಬ ಮಲಗಿಸಿದರಾಯಿತು, ಯಾರೂ ಹತ್ತಬೇಕಿಲ್ಲ. ಧ್ವಜ ಎಲ್ಲ ಅಳತೆಯಲ್ಲೂ 3:2. ಈ ಎತ್ತರಕ್ಕೆ 1800×1200 ಮಿ.ಮೀ. ಹೊಂದುತ್ತದೆ, 900×600 ಹಾಕಿದರೆ ಕರವಸ್ತ್ರದಂತೆ ಕಾಣುತ್ತದೆ. ಧ್ವಜಸಂಹಿತೆಯ 2021ರ ಡಿಸೆಂಬರ್ ತಿದ್ದುಪಡಿಯಿಂದ ಪಾಲಿಯೆಸ್ಟರ್, ಯಂತ್ರದ ನೇಯ್ಗೆ ಎರಡಕ್ಕೂ ಅನುಮತಿ ಇದೆ. ಸರ್ಕಾರಿ ಹಣದಲ್ಲಿ ಕೊಳ್ಳುವುದಾದರೆ ಹುಬ್ಬಳ್ಳಿ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತಿನ ಧ್ವಜ ತನ್ನಿ, ಅಳತೆ ಬಣ್ಣದ ತಕರಾರೇ ಬರುವುದಿಲ್ಲ. ಮಕ್ಕಳ ಕೈಗೆ ಪ್ಲಾಸ್ಟಿಕ್ ಬಾವುಟ ಬೇಡ, 2022ರ ಜುಲೈ 1ರಿಂದ ನಿಷೇಧ. ಕಾಗದದ್ದು ಕೊಡಿ, ಮುಗಿದ ಮೇಲೆ ಎಣಿಸಿ ವಾಪಸ್ ಪಡೆಯಲು ಇಬ್ಬರನ್ನು ನೇಮಿಸಿ.

ಹಗ್ಗ 15 ಮೀಟರ್: ಕಂಬದ ಎರಡರಷ್ಟು, ಮೇಲೆ ಮೂರು. ನೂಲಿನ ಹಗ್ಗ ಆಗಸ್ಟ್ ಮಳೆಗೆ ಊದಿ ರಾಟೆಯ ತೋಡಿನಲ್ಲಿ (ಹಗ್ಗ ಕೂರುವ ಜಾಗ) ಸಿಕ್ಕಿಕೊಳ್ಳುತ್ತದೆ. ಬಾವುಟ ಅರ್ಧಕ್ಕೆ ನಿಲ್ಲುವುದು ಬಹುಪಾಲು ಇದರಿಂದಲೇ. 8 ಮಿ.ಮೀ. ಹೆಣೆದ ಪಾಲಿಯೆಸ್ಟರ್ ಹಗ್ಗ ತನ್ನಿ. ರಾಟೆಯ ತೋಡು ಹಗ್ಗಕ್ಕಿಂತ ಅಗಲವಿರಬೇಕು, ಆದರೆ ಪಕ್ಕದ ಸಂದಿಗೆ ಹಗ್ಗ ಜಾರುವಷ್ಟು ಅಲ್ಲ. ಕೇಸರಿ ಕಡೆ ಕಟ್ಟುವ ತುದಿಗೆ ಬಣ್ಣದ ದಾರ ಸುತ್ತಿ ಗುರುತು ಮಾಡಿ, ಮಡಿಕೆಯ ಒಳಗೆ ಬಣ್ಣ ಕಾಣುವುದಿಲ್ಲ. ಹೂವಿನ ಎಸಳು ಇಡಲು ಧ್ವಜಸಂಹಿತೆಯಲ್ಲೇ ಅವಕಾಶ ಇದೆ. ಒಂದು ಬೊಗಸೆ ಸಾಕು, ಒದ್ದೆಯಾಗಿರಬಾರದು. ಒದ್ದೆ ಎಸಳು ಬಟ್ಟೆಗೆ ಅಂಟಿ ಮಡಿಕೆ ಬಿಚ್ಚಿಕೊಳ್ಳಲು ಬಿಡುವುದಿಲ್ಲ. ಕಟ್ಟುವುದು ಒಂದೇ ಎಳೆತಕ್ಕೆ ಬಿಚ್ಚುವ ಜಾರುಗಂಟು. ಎಳೆಯಬೇಕಾದ ತುದಿ ಯಾವುದು ಅಂತ ಅಧ್ಯಕ್ಷರಿಗೆ ಹಿಂದಿನ ಸಂಜೆಯೇ ತೋರಿಸಿ. ಇನ್ನೊಂದು ತುದಿ ಎಳೆದರೆ ಗಂಟು ಬಿಗಿಯುತ್ತದೆ.

14ರ ಸಂಜೆ ಬೇರೆ ಬಟ್ಟೆ ಕಟ್ಟಿ ಮೂರು ಸಲ ಏರಿಸಿ ನೋಡಿ, ಒಂದು ಸಲ ಹಗ್ಗಕ್ಕೆ ನೀರು ಹಾಕಿ.